ವಾರ್ಡಿಗೂ ಲ್ಯಾಬಿಗೂ ಸಲ್ಲುವ ವೈದ್ಯರು

2012ರ ಏಪ್ರಿಲ್. ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ಆರು ವರ್ಷದ ಎಮಿಲಿ ವೈಟ್‌ಹೆಡ್ ವೆಂಟಿಲೇಟರ್ ಮೇಲಿದ್ದಳು. ಕೀಮೋಥೆರಪಿಗೆ ಬಗ್ಗದ ರಕ್ತ ಕ್ಯಾನ್ಸರ್. ಅವಳದೇ ರಕ್ತದ ಟಿ ಕೋಶಗಳಿಗೆ ಪ್ರಯೋಗಾಲಯದಲ್ಲಿ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವಂತೆ ಮಾಡಿ, ಮರಳಿ ಮೈಗೆ ಹರಿಸಿದ್ದರು. ರಕ್ತ ಕ್ಯಾನ್ಸರಿಗೆ ಈ ಕಾರ್-ಟಿ ಚಿಕಿತ್ಸೆ ಪಡೆದ ಮೊದಲ ಮಗು ಅವಳು. ಕೋಶಗಳು ಕೆಲಸಕ್ಕಿಳಿದವು, ಜೊತೆಗೇ ಜ್ವರ ಏರಿತು, ರಕ್ತದೊತ್ತಡ ಕುಸಿಯಿತು. ಯಾವ ಔಷಧಿಯೂ ನಾಟಲಿಲ್ಲ.

ರಕ್ತಪರೀಕ್ಷೆಯಲ್ಲಿ ಇಂಟರ್‌ಲ್ಯುಕಿನ್-6 ಎಂಬ ಪ್ರೋಟೀನು ವಿಪರೀತ ಹೆಚ್ಚಿರುವುದು ಕಂಡಿತು. ಚಿಕಿತ್ಸೆಯನ್ನು ರೂಪಿಸಿದ ಕಾರ್ಲ್ ಜೂನ್ ಅವರಿಗೆ ಅದನ್ನು ತಡೆಯುವ ಮದ್ದು ಗೊತ್ತಿತ್ತು. ಅದು ಸಂಧಿವಾತದ ಔಷಧಿ, ಟೋಸಿಲಿಜುಮ್ಯಾಬ್. ಅವರ ಮಗಳಿಗೇ ಎಳವೆಯ ಸಂಧಿವಾತ ಇದ್ದುದರಿಂದ ಅದರ ಬಗ್ಗೆ ತಿಳಿದುಕೊಂಡಿದ್ದರು. ಎಮಿಲಿಯ ವೈದ್ಯ ಸ್ಟೀಫನ್ ಗ್ರಪ್ ಅದನ್ನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯಿತು. ತನ್ನ ಏಳನೆಯ ಹುಟ್ಟುಹಬ್ಬದಂದು ಅವಳು ಕಣ್ಣು ತೆರೆದಳು. ಕ್ಯಾನ್ಸರ್ ಮರಳಿ ಬರಲಿಲ್ಲ.

ಅದನ್ನು ಅದೃಷ್ಟ ಎಂದುಬಿಡಬಹುದು. ಆದರೆ ಆ ಅದೃಷ್ಟದ ಹಿಂದೆ ದೀರ್ಘ ತರಬೇತಿಯಿತ್ತು. ನೌಕಾಪಡೆಯ ವೈದ್ಯರಾಗಿದ್ದ ಜೂನ್, 1980ರ ದಶಕದಲ್ಲಿ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದಲ್ಲಿ ಅಸ್ಥಿಮಜ್ಜೆ ಕಸಿ ಕಲಿತವರು. ರೋಗಿಯ ನರಳಾಟವನ್ನೂ ಟಿ ಕೋಶದ ವರ್ತನೆಯನ್ನೂ ಒಂದೇ ತಲೆಯಲ್ಲಿಟ್ಟುಕೊಂಡು ಯೋಚಿಸಬಲ್ಲವರು. ಇಂಥವರನ್ನೇ ವೈದ್ಯ-ವಿಜ್ಞಾನಿ ಎನ್ನುವುದು.

ನಮ್ಮಲ್ಲಿ ಈ ಕಥೆ ನವಿ ಮುಂಬೈನ ಖಾರ್‌ಘರ್‌ನಲ್ಲಿ, ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಕ್ಟ್ರೆಕ್‌ನಲ್ಲಿ ಶುರುವಾಗುತ್ತದೆ. 2021ರ ಜೂನ್ 4ರಂದು ದೇಶದ ಮೊದಲ ಕಾರ್-ಟಿ ಚಿಕಿತ್ಸೆ ಅಲ್ಲಿ ನಡೆಯಿತು. ಕೋಶ ರೂಪಿಸಿದ್ದು ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ತಂಡ. ಆಸ್ಪತ್ರೆಯಲ್ಲಿ ಹೆಗಲು ಕೊಟ್ಟವರು ಗೌರವ್ ನರೂಲಾ, ಹಸ್ಮುಖ್ ಜೈನ್ ಮೊದಲಾದ ವೈದ್ಯರು. 2023ರ ಅಕ್ಟೋಬರ್‌ನಲ್ಲಿ 'ನೆಕ್ಸ್‌ಕಾರ್19' ಹೆಸರಿನ ಈ ಚಿಕಿತ್ಸೆಗೆ ಅನುಮತಿ ದೊರೆಯಿತು. ಬೆಲೆ ಅಮೆರಿಕದ ಸುಮಾರು ಹತ್ತನೇ ಒಂದು ಪಾಲು. ಆದರೂ ಲಕ್ಷಗಳ ಲೆಕ್ಕ. ಬೆಂಗಳೂರು ಬೊಮ್ಮಸಂದ್ರದ ಇಮ್ಯುನೀಲ್ ಕಂಪನಿ ಕೂಡ 2025ರಲ್ಲಿ ತನ್ನ ಕಾರ್-ಟಿ ಚಿಕಿತ್ಸೆಯನ್ನು ಬಳಕೆಗೆ ತಂದಿತು.

ಕೋಶಗಳನ್ನು ತಯಾರಿಸುವ ಯಂತ್ರವನ್ನು ಕೊಳ್ಳಬಹುದು. ಅವು ಮೈಸೇರಿದ ಮೇಲೆ ಏರುವ ಜ್ವರ ಸೋಂಕಿನದೋ, ಕೋಶಗಳ ಕೆಲಸದ್ದೋ ಎಂದು ನಡುರಾತ್ರಿ ತೀರ್ಮಾನಿಸುವ ವೈದ್ಯರನ್ನು ಕೊಳ್ಳಲಾಗದು, ಬೆಳೆಸಬೇಕು. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ರಕ್ತರೋಗದ ಡಿಎಂ ಮತ್ತೆ ಮೂರು. ಅಷ್ಟಾದ ಮೇಲೆ ಪಿಎಚ್‌ಡಿ ಎಂದರೆ ಮನೆಯವರೂ ಹೌಹಾರುತ್ತಾರೆ. ಇಂಡಿಯಾ ಅಲಯನ್ಸ್‌ನಂಥ ಫೆಲೋಶಿಪ್‌ಗಳು ವೈದ್ಯರ ಸಂಶೋಧನೆಗೆ ಹಣ ಕೊಡುತ್ತವೆ. ಆದರೆ ಓಪಿಡಿಯ ಸಾಲು ಕರಗದ ಊರಿನಲ್ಲಿ ಲ್ಯಾಬಿಗೆ ಬೇಕಾದ ಬಿಡುವನ್ನು ಯಾರು ಕೊಡುತ್ತಾರೆ?

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಜಾಣರಿಗೇನೂ ಬರವಿಲ್ಲ. ಆದರೆ ವಾರ್ಡಿನಲ್ಲಿ ಹುಟ್ಟಿದ ಪ್ರಶ್ನೆ ಎಷ್ಟೋ ಸಲ ಮುಂದಿನ ರೋಗಿಯ ಸರದಿ ಬರುವಷ್ಟರಲ್ಲಿ ಮರೆತುಹೋಗುತ್ತದೆ. "ಎರಡು ವರ್ಷ ಲ್ಯಾಬಿಗೆ ಹೋಗಿ ಬಾ, ಇಲ್ಲಿನದನ್ನು ನಾವು ನೋಡಿಕೊಳ್ಳುತ್ತೇವೆ" ಎನ್ನುವ ಹಿರಿಯರೊಬ್ಬರು ಪ್ರತಿ ಕಾಲೇಜಿನಲ್ಲೂ ಇದ್ದಿದ್ದರೆ!