ಮೋಡಬಿತ್ತನೆ ಮತ್ತು ಶಾಸನ: ಕರ್ನಾಟಕದ ಅನುಭವ

ಮಳೆಯ ಕೊರತೆಯ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಮೋಡಬಿತ್ತನೆ ಯೋಜನೆಗಳನ್ನು ಕೈಗೊಂಡಿತು. ಸಿಲ್ವರ್ ಅಯೋಡೈಡ್‌ನ ಕಣಗಳನ್ನು ಮೋಡದಲ್ಲಿ ಹರಡಿದರೆ ಅವುಗಳ ಸುತ್ತ ಹಿಮಹರಳುಗಳು ಬೆಳೆದು ಮಳೆಯಾಗಿ ಇಳಿಯಬಹುದೆಂಬುದು ಇದರ ತತ್ತ್ವ. ಆದರೆ ಬಿತ್ತದಿದ್ದರೆ ಎಷ್ಟು ಮಳೆಯಾಗುತ್ತಿತ್ತೆಂದು ನಿರ್ಣಯಿಸುವುದು ಕಷ್ಟ.

ಕಾನೂನಿನ ತೊಡಕಿಗೆ ಈ ಅನಿಶ್ಚಯವೇ ಮೂಲ. ನೆರೆಯ ತಾಲ್ಲೂಕಿನ ರೈತನು ತನ್ನ ಪಾಲಿನ ಮಳೆ ತಪ್ಪಿತೆಂದೋ, ಅತಿವೃಷ್ಟಿಯಿಂದ ಬೆಳೆ ನಾಶವಾಯಿತೆಂದೋ ದೂರಿದರೆ ಕಾರ್ಯಕಾರಣ ಸಂಬಂಧವನ್ನು ಸಾಬೀತುಪಡಿಸುವುದು ದುಸ್ಸಾಧ್ಯ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ನೀರು ರಾಜ್ಯಪಟ್ಟಿಯ 17ನೆಯ ನಮೂದು. ಹವಾಮಾನ ಸಂಸ್ಥೆಗಳು ಕೇಂದ್ರಪಟ್ಟಿಯ 68ನೆಯ ನಮೂದು. ಮೋಡದ ಉಲ್ಲೇಖ ಎರಡರಲ್ಲಿಯೂ ಇಲ್ಲ.

ಅಮೆರಿಕವು 1971ರ ಕಾಯ್ದೆಯಿಂದ ಇಂತಹ ಕಾರ್ಯಗಳ ವರದಿಯನ್ನು ಕಡ್ಡಾಯಗೊಳಿಸಿತು. ಭಾರತವೂ ಸದಸ್ಯವಾಗಿರುವ 1976ರ ಅಂತರರಾಷ್ಟ್ರೀಯ ಒಡಂಬಡಿಕೆಯು ಪರಿಸರ ಮಾರ್ಪಾಟಿನ ಸೈನಿಕ ಹಾಗೂ ವೈರಭಾವದ ಬಳಕೆಯನ್ನಷ್ಟೇ ನಿಷೇಧಿಸುತ್ತದೆ. ಭೂತಾಪ ತಗ್ಗಿಸಲು ವಾಯುಮಂಡಲವನ್ನೇ ಮಾರ್ಪಡಿಸುವ ಕಾರ್ಯಗಳ ಬಗ್ಗೆ ಜೀವವೈವಿಧ್ಯ ಒಡಂಬಡಿಕೆಯ ರಾಷ್ಟ್ರಗಳು 2010ರಲ್ಲಿ ನಗೋಯಾದಲ್ಲಿ ಕೈಗೊಂಡ ಎಚ್ಚರಿಕೆಯ ನಿರ್ಣಯವು ಕಾನೂನಾತ್ಮಕವಾಗಿ ಬಂಧಕವಲ್ಲ.

ಮೋಡಬಿತ್ತನೆಯ ಪರಿಣಾಮ ಸ್ಥಳೀಯ. ಸೂರ್ಯರಶ್ಮಿಯನ್ನು ಹಿಂದಿರುಗಿಸಲು ಗಗನದಲ್ಲಿ ಕಣಗಳನ್ನು ಹರಡುವ ಪ್ರಸ್ತಾಪದ ಪರಿಣಾಮ ಜಾಗತಿಕ. ಆದರೂ ಎರಡೂ ಒಡ್ಡುವ ಪ್ರಶ್ನೆ ಒಂದೇ: ಆಕಾಶದಲ್ಲಿ ಮಾಡಿದ ಕಾರ್ಯಕ್ಕೆ ಭೂಮಿಯ ಮೇಲೆ ಉತ್ತರದಾಯಿ ಯಾರು? ಪೂರ್ವಪ್ರಕಟಣೆ, ಬಹಿರಂಗ ದಾಖಲೆ, ಸ್ವತಂತ್ರ ಮೌಲ್ಯಮಾಪನ ಮತ್ತು ಪರಿಹಾರದ ವಿಧಾನ, ಇವಿಷ್ಟನ್ನು ಶಾಸನವು ಮೊದಲು ಚಿಕ್ಕ ಪ್ರಮಾಣದ ಮೋಡಬಿತ್ತನೆಯಲ್ಲಿ ನೆಲೆಗೊಳಿಸಿದಲ್ಲಿ, ದೊಡ್ಡದನ್ನು ಎದುರಿಸುವ ತಳಹದಿ ದೊರೆತೀತು.