ಅಂಗಡಿಯ ವಿಳಾಸ: ಪುಸ್ತಕದಲ್ಲಿಯೂ ನಕಾಶೆಯಲ್ಲಿಯೂ

ಬೆಳಗಾವಿಯಿಂದ ಖಾನಾಪುರದ ಹೆದ್ದಾರಿಯನ್ನು ಹಿಡಿದು ಉದ್ಯಮಬಾಗವನ್ನು ದಾಟಿದರೆ ಪೀರನವಾಡಿಯು ಎದುರಾಗುವದು. ಗೋವೆಗೆ ಹೋಗುವ ಎರಡು ದಾರಿಗಳು, ಖಾನಾಪುರ-ಅನಮೋಡದ್ದೊಂದು, ಜಾಂಬೋಟಿ-ಚೋರ್ಲಾದ್ದೊಂದು, ಇಲ್ಲಿಯೇ ಕವಲೊಡೆಯುವವು. ಇಂಥ ನಾಕೆಯಲ್ಲಿ ಅಂಗಡಿಯನ್ನಿಟ್ಟವನಿಗೆ ಜಾಹೀರಾತೇಕೆ ಎಂದು ವಾಚಕರು ಕೇಳಬಹುದು. ಆದರೆ ಹಾಯ್ದು ಹೋಗುವವರೆಲ್ಲರೂ ಗಿರಾಕಿಗಳಲ್ಲ. ಘಾಟಿನ ದಾರಿ ಹಿಡಿದವನ ಗಾಡಿ ಕೆಟ್ಟು ನಿಂತರೆ ಆತನು ಮೊದಲು ತೆರೆಯುವದು ಮೊಬೈಲನ್ನು. ನೂರು ಹೆಜ್ಜೆಯಾಚೆ ಮೂವತ್ತು ವರ್ಷಗಳಿಂದ ಅದೇ ಕಸಬು ಮಾಡುತ್ತಿರುವವನ ಹೆಸರು ಅದರಲ್ಲಿ ಕಾಣದಿದ್ದರೆ, ಆ ಗಿರಾಕಿಯ ಪಾಲಿಗೆ ಆತನು ಇಲ್ಲವೇ ಇಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಂದು ಹೀಗೆ ನಿಜವಾಗುತ್ತಿರುವದು.

ಅಮೇರಿಕೆಯ ನ್ಯೂ ಹೇವನ್ ಪಟ್ಟಣದಲ್ಲಿ 1878ರಲ್ಲಿ ಸುಮಾರು 50 ಹೆಸರುಗಳ ಒಂದೇ ಹಾಳೆಯಾಗಿ ಮೊದಲ ದೂರವಾಣಿ ಸೂಚಿಯು ಹೊರಬಂದಿತು. ವ್ಯಾಪಾರಸ್ಥರ ಹೆಸರುಗಳನ್ನು ಕಸಬಿನ ಮೇರೆಗೆ ವಿಂಗಡಿಸಿದ ಹಳದಿ ಪುಟಗಳ ಡೈರೆಕ್ಟರಿಯು ಮುಂದೆ ಬೆಳೆಯಿತು. ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ 1966ರಲ್ಲಿ ಆರಂಭವಾದ ಅಂಥ ಪುಸ್ತಕದ ಅಚ್ಚಿನ ಪ್ರತಿಯು 2019ರಲ್ಲಿ ಅದೇ ನಗರದಲ್ಲಿ ಕೊನೆಗೊಂಡಿತು. ನಮ್ಮ ದೇಶದಲ್ಲಿ 1996ರಲ್ಲಿ ಹುಟ್ಟಿದ ಜಸ್ಟ್‌ಡಯಲ್ ಸಂಸ್ಥೆಯು ಫೋನಿನಲ್ಲಿ ವಿಳಾಸ ಹೇಳುವದರಿಂದ ತೊಡಗಿ ಅಂತರ್ಜಾಲಕ್ಕೆ ಇಳಿಯಿತು. ಇದನ್ನು ಕಂಡು ಅಚ್ಚಿನ ಕಾಲವೇ ಮುಗಿಯಿತೆಂದು ಕೆಲವರು ಹೇಳುವರು. ನಮ್ಮ ಅಭಿಪ್ರಾಯವು ಹಾಗಿಲ್ಲ.

ಎರಡೂ ಮಾಡುವ ಕೆಲಸಗಳು ಬೇರೆ ಬೇರೆ. ಊರಿನ ವ್ಯಾಪಾರ ಸೂಚಿಯಾಗಲಿ, ಗೋಡೆಯ ಮೇಲಿನ ಕ್ಯಾಲೆಂಡರಾಗಲಿ, ಅವಶ್ಯಕತೆ ಹುಟ್ಟುವ ಮೊದಲೇ ಅಂಗಡಿಯ ಹೆಸರನ್ನು ಮನೆಮಂದಿಯ ಮನಸ್ಸಿನಲ್ಲಿ ಊರಿಸುವದು. ಮದುವೆಯ ಮಂಟಪ, ಮನೆಯ ಕಟ್ಟಡ, ಬಾವಿಯ ಪಂಪು, ಇವುಗಳ ವಿಷಯದಲ್ಲಿ ಹಿರಿಯರು ಇಂದಿಗೂ ಪರಿಚಿತ ಹೆಸರನ್ನೇ ನಂಬುವರು. ಅಂತರ್ಜಾಲವಾದರೋ ಅವಶ್ಯಕತೆ ಹುಟ್ಟಿದ ಗಳಿಗೆಯಲ್ಲಿ ಅಂಗಡಿ ತೆರೆದಿದೆಯೇ, ಎಷ್ಟು ದೂರ, ಯಾವ ದಾರಿ ಎಂಬುದನ್ನು ತಿಳಿಸುವದು. ಒಂದು ಪರಿಚಯ ಮಾಡಿಸುವದು, ಇನ್ನೊಂದು ಬಾಗಿಲಿಗೆ ಕರೆತರುವದು. ಯುಪಿಐ ಬಂದ 2016ರಿಂದೀಚೆಗೆ ಚಹದ ಅಂಗಡಿಯಲ್ಲಿಯೂ ರೂಢಿಯಾಗಿರುವ ಕ್ಯೂಆರ್ ಚೌಕವನ್ನು ಅಚ್ಚಿನ ಜಾಹೀರಾತಿನ ಮೂಲೆಯಲ್ಲಿಟ್ಟರೆ ಕಾಗದವೂ ಮೊಬೈಲೂ ಒಂದಾದಂತೆಯೇ ಸರಿ.

ಆದರೆ ಎರಡೂ ಕಡೆಗೆ ಒಂದೇ ಹೆಸರು, ಒಂದೇ ವಿಳಾಸ, ಒಂದೇ ನಂಬರು ಇರತಕ್ಕದ್ದು. 2014ರ ನವೆಂಬರ್ 1ರಂದು ಬೆಲ್ಗಾಮ್ ಅಧಿಕೃತವಾಗಿ ಬೆಳಗಾವಿಯಾಯಿತು. ಹಳೆಯ ಹೆಸರಿನ ವಿಳಾಸಗಳು ಇನ್ನೂ ಉಳಿದಿರುವವು. ಪೀರನವಾಡಿಯನ್ನಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುವರು. ಅಂಗಡಿಯ ಹೆಸರನ್ನು ಇಂಗ್ಲಿಷಿನಲ್ಲಷ್ಟೇ ಬರೆದು ಕೈಬಿಡದೆ ಕನ್ನಡದಲ್ಲಿಯೂ ನಮೂದಿಸಬೇಕು. ಮರಾಠಿ ಮನೆಮಾತಿನ ಗಿರಾಕಿಗಳಿಗಾಗಿ ಆ ಲಿಪಿಯಲ್ಲಿಯೂ ವಿವರವನ್ನು ಕೊಡುವದು ಉಚಿತ. ಕನ್ನಡದ ಅಭಿಮಾನಿಗಳಾದ ನಾವು ಇದನ್ನು ಹೇಳಲು ಸಂಕೋಚಪಡುವದಿಲ್ಲ; ಸ್ವಂತ ನುಡಿಯನ್ನು ಮೊದಲಿಟ್ಟವನು ನೆರೆಯವನ ನುಡಿಗೆ ಅಂಜಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಗೂಗಲ್ ನಕಾಶೆಯಲ್ಲಿ ಅಂಗಡಿಯ ಹೆಸರನ್ನು ದಾಖಲಿಸಲು ಶುಲ್ಕವಿಲ್ಲ. ಇದನ್ನರಿಯದೆ ನಾವು ಒಬ್ಬ ಮಧ್ಯಸ್ಥನಿಗೆ ವರ್ಷದ ಹಣವನ್ನು ತೆತ್ತು ನಮ್ಮ ಮುದ್ರಣಾಲಯವನ್ನು ದಾಖಲಿಸಿದೆವು. ಆತನು ಅದನ್ನು ತನ್ನ ಖಾತೆಯಲ್ಲಿಯೇ ಇಟ್ಟುಕೊಂಡಿದ್ದನು. ನಮ್ಮ ಫೋನ್ ನಂಬರು ಬದಲಾದ ಮೇಲೆ ತಿಂಗಳುಗಟ್ಟಲೆ ಗಿರಾಕಿಗಳು ಸತ್ತ ನಂಬರಿಗೆ ಕರೆ ಮಾಡುತ್ತಿದ್ದರು; ತಿದ್ದುವ ಅಧಿಕಾರವು ನಮ್ಮ ಕೈಯಲ್ಲಿರಲಿಲ್ಲ. ಅಂಗಡಿಯ ಕೀಲಿಕೈಯನ್ನು ಪರರಿಗೆ ಕೊಡದವರು ಹೆಸರಿನ ಕೀಲಿಕೈಯನ್ನೇಕೆ ಕೊಡಬೇಕು?

ನಮ್ಮ ಸೂಚನೆಯಿಷ್ಟು: ಪೀರನವಾಡಿ, ಮಚ್ಛೆ, ಖಾನಾಪುರಗಳ ಸಣ್ಣ ವ್ಯಾಪಾರಸ್ಥರು ಒಗ್ಗೂಡಿ ವರ್ಷಕ್ಕೊಮ್ಮೆ, ದೀಪಾವಳಿಗೆ ಮೊದಲು, ಒಂದು ತೆಳುವಾದ ವ್ಯಾಪಾರ ಸೂಚಿಯನ್ನು ಅಚ್ಚು ಹಾಕಿಸಲಿ. ಯಂತ್ರದ ಬಿಡಿಭಾಗ ಮಾಡುವವನಿಂದ ಹಿಡಿದು ಖಾನಾಪುರದ ಕುಂಬಾರನ ವರೆಗೆ ಎಲ್ಲರಿಗೂ ಅದರಲ್ಲಿ ಸ್ಥಳವಿರಲಿ. ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲಿನ ಕೆಲಸವನ್ನು ನೋಡಿಕೊಳ್ಳಲಿ. ಬಂದ ಪ್ರತಿಯೊಬ್ಬ ಹೊಸ ಗಿರಾಕಿಯನ್ನು "ನಮ್ಮ ಅಂಗಡಿಯ ವಿಷಯ ತಮಗೆ ಹೇಗೆ ತಿಳಿಯಿತು?" ಎಂದು ಕೇಳಿ, ಉತ್ತರವನ್ನು ಕೀರ್ದಿಯ ಅಂಚಿನಲ್ಲಿ ಬರೆದಿಡಲಿ. ಮೂರು ತಿಂಗಳ ತರುವಾಯ ಯಾವುದಕ್ಕೆ ಹಣ ಹಾಕಬೇಕೆಂಬುದನ್ನು ಆ ಕೀರ್ದಿಯೇ ಹೇಳುವದು.

ಜಾಹೀರಾತಿನಿಂದಲೇ ಪತ್ರಿಕೆ ನಡೆಸುವ ನಾವು ಈ ವಿಷಯದಲ್ಲಿ ನಿಃಸ್ವಾರ್ಥರೆಂದು ಹೇಳಿಕೊಳ್ಳಲಾರೆವು. ಆದರೆ ನಾಕೆಯ ಅಂಗಡಿಗಳು ಬಾಗಿಲು ಮುಚ್ಚಿದರೆ ಪತ್ರಿಕೆಗೆ ಜಾಹೀರಾತು ಎಲ್ಲಿಯದು, ಊರಿನ ಹುಡುಗರಿಗೆ ಉದ್ಯೋಗವೆಲ್ಲಿಯದು? ಪುಸ್ತಕವೂ ನಕಾಶೆಯೂ ಗಿರಾಕಿಯನ್ನು ಒಮ್ಮೆ ಕರೆತರಬಲ್ಲವು. ಎರಡನೆಯ ಸಲ ಆತನನ್ನು ಕರೆತರುವದು ನ್ಯಾಯದ ತೂಕವೇ.