ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಲಗ್ಗೆರೆಯ ಗೃಹಿಣಿಯರು ಮದುವೆಯ ಜವಳಿಗೆಂದು ಚಿಕ್ಕಪೇಟೆಗೆ ಹೋದರೆ ಅಂಗಡಿಯವನ ಮಾತಿಗೆ ಸುಲಭವಾಗಿ ಸೋಲುವವರಲ್ಲ. ಸೆರಗನ್ನು ಬೆರಳುಗಳ ನಡುವೆ ಹಿಡಿದು, ಜರಿಯನ್ನು ಬೆಳಕಿಗೆ ತಿರುಗಿಸಿ, ಹೇಳಿದ ಬೆಲೆಯನ್ನು ಇಳಿಸಿದ ಮೇಲೆಯೇ ಹಣ ತೆಗೆಯುವರು. ಅವರೇ ಇಂಜಿನಿಯರಿಂಗ್ ಸೇರಿದ ಮಗಳನ್ನು ಕರೆದುಕೊಂಡು, ಅಲ್ಲಿಗೆ ಸಮೀಪದ ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪ್ ಕೊಳ್ಳಲು ಕುಳಿತಾಗ ಮಾತ್ರ ಬಾಯಿ ಕಟ್ಟಿದವರಂತಾಗುತ್ತಾರೆ. ಪೀಣ್ಯದ ಕಾರ್ಖಾನೆಯ ಸಂಬಳದಲ್ಲಿ ಸಾಗುವ ಸಂಸಾರಕ್ಕೆ ಐವತ್ತು, ಅರವತ್ತು ಸಾವಿರ ರೂಪಾಯಿ ಸಣ್ಣ ಮೊತ್ತವೇನೂ ಅಲ್ಲ. ಸೀರೆಯ ನೇಯ್ಗೆಯನ್ನು ಪರೀಕ್ಷಿಸುವಂತೆ ಈ ಯಂತ್ರವನ್ನೂ ಪರೀಕ್ಷಿಸಲು ಬರುತ್ತದೆ. ಓದಬೇಕಾದುದು ನಾಲ್ಕಾರು ಅಂಕಿಗಳನ್ನು ಮಾತ್ರ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ ಆ ಅಂಕಿಗಳಲ್ಲಿ ಸೇರಿದ್ದಲ್ಲ. ಆ ಬೆಲೆಗೆ ಕೊಳ್ಳುವವರು ಬಹಳ ವಿರಳ. ಅದರ ಮೇಲೆ ಶೇಕಡಾ ಇಷ್ಟು ಕಡಿತವೆಂಬ ಘೋಷಣೆಯಿಂದ ನಮಗೆ ತಿಳಿಯುವುದು ಏನೂ ಇಲ್ಲ.

ಪ್ರೊಸೆಸರ್ ಎಂಬ ಮಿದುಳಿನ ಹೆಸರನ್ನು ಪೂರ್ತಿಯಾಗಿ ಓದಬೇಕು. ಬರಿಯ 'ಐ5' ಎಂದರೆ ಅರ್ಥವಿಲ್ಲ. ಐ5-1235ಯು ಎಂಬಲ್ಲಿ ಮೊದಲಿನ 12 ಎಂಬುದು ಹನ್ನೆರಡನೆಯ ತಲೆಮಾರು, ಅಂದರೆ 2022ರ ಸರಕು. ಎ.ಎಂ.ಡಿ. ಕಂಪನಿಯ ರೈಜೆನ್ 7000 ಸಾಲಿನಲ್ಲಿ ಗುಟ್ಟು ಮೂರನೆಯ ಅಂಕಿಯಲ್ಲಿ ಅಡಗಿದೆ. ರೈಜೆನ್ 5 7520ಯು ಎಂಬುದರ ಮೊದಲ ಅಂಕಿ 2023ರ ಮಾದರಿಯೆಂದು ಸಾರಿದರೂ, ಮೂರನೆಯ 2 ಎಂಬುದು 2019ರಲ್ಲಿ ಬಂದ ಝೆನ್ 2 ವಿನ್ಯಾಸವನ್ನು ಸೂಚಿಸುತ್ತದೆ. 7540ಯು ಆದರೆ 2022ರ ಝೆನ್ 4. ಹೊರಗಿನ ಹೆಸರು ಎರಡಕ್ಕೂ ರೈಜೆನ್ 5 ಎಂದೇ! ಹಳೆಯದು ಬೇಡವೆಂದಲ್ಲ, ಬರವಣಿಗೆಗೂ ಪಾಠ ಕೇಳುವುದಕ್ಕೂ ಅದು ಸಾಕು. ಆದರೆ ಹಳೆಯದಕ್ಕೆ ಹೊಸದರ ಬೆಲೆ ತೆರಬಾರದು.

ಇನ್ನು ರ್‍ಯಾಮ್. 8 ಜಿ.ಬಿ. ಇರುವುದನ್ನು ಕೊಂಡು ಮುಂದೆ ಹೆಚ್ಚಿಸಿಕೊಳ್ಳಿರೆಂಬುದು ಬಹುಕಾಲದ ಬುದ್ಧಿವಾದ. ಆದರೆ ಅನೇಕ ಮಾದರಿಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಹೆಚ್ಚಿಸುವ ಮಾತೇ ಇಲ್ಲ. ಮೇಲಾಗಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಗಗನಕ್ಕೇರಿತು. ಆದುದರಿಂದ ಬೇರೆಯಾಗಿ ಹಾಕಿಸಲು ಖಾಲಿ ಸ್ಥಳವಿದೆಯೇ, ಇದ್ದರೆ ಇಂದಿನ ಖರ್ಚೆಷ್ಟು ಎಂದು ಕೇಳಿ, 16 ಜಿ.ಬಿ. ಮಾದರಿಯ ಬೆಲೆಯೊಡನೆ ಹೋಲಿಸುವುದು ಲೇಸು. ವಿದ್ಯಾರ್ಥಿಗಳಿಗೆಂದೇ ಹಲವು ಕಂಪನಿಗಳು ಕೊಡುವ ರಿಯಾಯಿತಿಯನ್ನೂ ಕೇಳಬೇಕು. ಕಾಲೇಜಿನ ಗುರುತಿನ ಚೀಟಿ ಜೊತೆಯಲ್ಲಿರಲಿ.

ಹಣ ಹೆಚ್ಚು ಸೋರುವುದು ಕಂತಿನಲ್ಲಿ. ಬಡ್ಡಿಯಿಲ್ಲದ ಕಂತು ಎಂದೊಡನೆ ಮನೆಯ ಯಜಮಾನರ ಮುಖ ಅರಳುತ್ತದೆ. ಶೂನ್ಯ ಬಡ್ಡಿಯೆಂಬುದು ಇಲ್ಲವೇ ಇಲ್ಲವೆಂದು ರಿಜರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಇಳಿಸಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇಕಡಾ 18 ಜಿ.ಎಸ್.ಟಿ.ಯೂ ಸಾಮಾನ್ಯವಾಗಿ ಬ್ಯಾಂಕಿನ ಶುಲ್ಕವೂ ನಮ್ಮ ತಲೆಗೇ ಬರುತ್ತವೆ. "ಪೂರ್ತಿ ಹಣ ಇಂದೇ ಕೊಟ್ಟರೆ ಎಷ್ಟಕ್ಕೆ ಕೊಡುವಿರಿ?" ಎಂದು ಕೇಳಿ ನೋಡಿ. ಬೆಲೆ ಅಲ್ಲಿಯೇ ಇಳಿದರೆ, ಆ ವ್ಯತ್ಯಾಸವೇ ಕಂತಿನ ನಿಜವಾದ ಬೆಲೆ.

ಬಿಲ್ಲು ಬೇಡವೆಂದರೆ ಇನ್ನೂ ಅಗ್ಗವೆಂಬ ಮಾತಿಗೆ ಮಾತ್ರ ಕಿವಿಗೊಡಬಾರದು. 59,000 ರೂಪಾಯಿಯ ಯಂತ್ರದಲ್ಲಿ 9,000 ರೂಪಾಯಿ ತೆರಿಗೆಯೇ ಆದುದರಿಂದ ಆಸೆಯಾಗುವುದು ಸಹಜ. ಆದರೆ ಬಿಲ್ಲಿಲ್ಲದೆ ವಾರಂಟಿ ಕೇಳುವುದೂ, ಗ್ರಾಹಕರ ಆಯೋಗದ ಮುಂದೆ ನಿಲ್ಲುವುದೂ ಬಲು ಕಷ್ಟ. ಲಗ್ಗೆರೆಯಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತ ಜಿ.ಎಸ್.ಟಿ. ನೋಂದಣಿ ಮಾಡಿಸಿರುವವರು, ಉದ್ಯಮದ ಲೆಕ್ಕಪತ್ರಕ್ಕಾಗಿಯೇ ಕೊಳ್ಳುವುದಾದರೆ, ಬಿಲ್ಲಿನಲ್ಲಿ ತಮ್ಮ ಸಂಖ್ಯೆಯನ್ನು ಬರೆಸಿಕೊಳ್ಳಲಿ. ನಿಯಮದ ಪ್ರಕಾರ ಆ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಮಗಳ ಕಾಲೇಜಿನ ಯಂತ್ರಕ್ಕೆ ಈ ಸೌಲಭ್ಯ ಸಲ್ಲದು.

ಅಂಗಡಿಯಿಂದ ಹೊರಡುವ ಮೊದಲು ಪೆಟ್ಟಿಗೆ ಬಿಚ್ಚಿಸಿ, ಯಂತ್ರದ ತಳದಲ್ಲಿರುವ ಕ್ರಮಸಂಖ್ಯೆಯನ್ನು ಬಿಲ್ಲಿನ ಸಂಖ್ಯೆಯೊಡನೆ ತಾಳೆ ನೋಡಬೇಕು. ಮೊಬೈಲಿನಲ್ಲಿ ಅದನ್ನು ಕಂಪನಿಯ ತಾಣಕ್ಕೆ ಕೊಟ್ಟರೆ ವಾರಂಟಿ ಎಂದಿನಿಂದ ಆರಂಭವಾಗಿದೆಯೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಆರು ತಿಂಗಳ ಹಿಂದೆಯೇ ಆರಂಭವಾಗಿದ್ದರೆ, ಹಣ ಕೊಡುವ ಮೊದಲು ಕಾರಣ ಕೇಳಿರಿ.